ತುಕ್ಕು ಹಿಡಿದ ಸ್ವಿಂಗ್ ಕೀಲ್: ಇಳಿಸಿ, ದುರಸ್ತಿ ಮಾಡಿ, ಮತ್ತೆ ಏರಿಸುವ ಬಗೆ

ಕನ್ನಡದಲ್ಲಿ ಕೀಲು ಎಂದರೆ ಎರಡು ಭಾಗಗಳು ಕೂಡಿ ತಿರುಗುವ ಜಾಗ. ಮೊಣಕಾಲಿನದೂ ಕೀಲು, ಬಾಗಿಲಿನದೂ ಕೀಲು. ಗಾಡಿಯ ಚಕ್ರ ಕಳಚಿ ಬೀಳದಂತೆ ಅಚ್ಚಿನ ತುದಿಗೆ ಹೊಡೆಯುವುದು ಕಡೆಗೀಲು. ಹಾಯಿದೋಣಿಯ ಅಡಿಯಲ್ಲಿ ನೀರಿನೊಳಗೆ ಇಳಿದಿರುವ ಭಾರದ ರೆಕ್ಕೆಗೆ ಇಂಗ್ಲಿಷಿನಲ್ಲಿ ಕೀಲ್ ಎಂಬ ಹೆಸರಿದೆ. ಈ ಎರಡು ಪದಗಳಿಗೂ ನಂಟಿಲ್ಲ. ಆದರೆ ಸ್ವಿಂಗ್ ಕೀಲ್, ಅಂದರೆ ಮೇಲಕ್ಕೆತ್ತಿ ಕೆಳಗಿಳಿಸಬಹುದಾದ ಕೀಲ್, ಇರುವ ಹಳೆಯ ದೋಣಿಯೊಂದನ್ನು ಕೊಂಡು, ಅದರ ಅಡಿಯಲ್ಲಿ ಐದು ವಾರಾಂತ್ಯಗಳನ್ನು ಕಳೆದ ಮೇಲೆ, ಈ ಧ್ವನಿಸಾಮ್ಯ ನನ್ನ ತಲೆಯಿಂದ ಹೋಗಿಲ್ಲ. ಕೀಲ್ ಎಷ್ಟೇ ತುಕ್ಕು ಹಿಡಿದಿದ್ದರೂ ಅದನ್ನು ಸರಿಪಡಿಸಬಹುದು. ದೋಣಿಯ ಹಣೆಬರಹ ಇರುವುದು ಅದು ತೂಗುವ ಕೀಲಿನಲ್ಲಿ, ಅಂದರೆ ಒಂದು ಪಿನ್, ಆ ಪಿನ್ನನ್ನು ದೋಣಿಯ ತಳಕ್ಕೆ ಹಿಡಿದಿಡುವ ಎರಡು ಹ್ಯಾಂಗರ್, ನಾಲ್ಕು ಬೋಲ್ಟ್, ಒಂದು ಕೇಬಲ್, ಇಷ್ಟರಲ್ಲಿ. ಹೆಚ್ಚಿನವರು ಕಣ್ಣಿಗೆ ಕಾಣುವ ತುಕ್ಕನ್ನು ಉಜ್ಜಿ ಬಣ್ಣ ಬಳಿದು, ಕಾಣದ ಈ ಭಾಗಗಳನ್ನು ಹಾಗೆಯೇ ಬಿಡುತ್ತಾರೆ. ಈ ಲೇಖನದಲ್ಲಿ ಆ ಭಾಗಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ನನ್ನಲ್ಲಿರುವ ದೋಣಿಯನ್ನೇ: ಕ್ಯಾಟಲಿನಾ 22. ಫ್ರ್ಯಾಂಕ್ ಬಟ್ಲರ್ ಅವರ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಇದರ ತಯಾರಿಕೆ ಆರಂಭಿಸಿತು. ಇದುವರೆಗೆ 15,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ. ಉದ್ದ ಇಪ್ಪತ್ತೊಂದೂವರೆ ಅಡಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಹಾಯಿದೋಣಿ ಕಲಿಯಲು ಹೊರಟರೆ, ಕಡಿಮೆ ಬೆಲೆಗೆ ಮೊದಲು ಎದುರಾಗುವ ದೋಣಿಗಳಲ್ಲಿ ಇದೂ ಒಂದು. ಮ್ಯಾಕ್‌ಗ್ರೆಗರ್ ಅವರ ಹಳೆಯ ವೆಂಚರ್ ದೋಣಿಗಳಲ್ಲಿಯೂ ಇದೇ ತತ್ವದ ಕೀಲ್ ಇದೆ. ಅಳತೆಗಳು ಬೇರೆಯಾದರೂ ಕೆಲಸದ ಕ್ರಮ ಒಂದೇ.

ಸ್ವಿಂಗ್ ಕೀಲ್ ಎಂದರೆ ಬೀಡು ಕಬ್ಬಿಣದ ದಪ್ಪ ಅಲಗು. ಈ ದೋಣಿಯಲ್ಲಿ ಅದರ ತೂಕ 550 ಪೌಂಡ್, ಅಂದರೆ ಸುಮಾರು 250 ಕಿಲೊ. ಐದು ಸಿಮೆಂಟ್ ಚೀಲಗಳ ಭಾರ. ಮುಂಭಾಗದಲ್ಲಿ ಒಂದು ಇಂಚು ದಪ್ಪದ ಪಿನ್ ಮೇಲೆ ಅದು ತೂಗುತ್ತದೆ. ಹಿಂಭಾಗವನ್ನು ಒಂದು ಉಕ್ಕಿನ ಕೇಬಲ್ ಹಿಡಿದಿರುತ್ತದೆ. ಆ ಕೇಬಲ್ ದೋಣಿಯ ತಳದ ಕೊಳವೆಯೊಂದರ ಮೂಲಕ ಮೇಲೆ ಬಂದು, ಕ್ಯಾಬಿನ್ನಿನ ಮೆಟ್ಟಿಲ ಬಳಿಯ ವಿಂಚ್‌ಗೆ, ಅಂದರೆ ಹಿಡಿಯಿಂದ ತಿರುಗಿಸುವ ರಾಟೆಗೆ, ಸುತ್ತಿಕೊಳ್ಳುತ್ತದೆ. ಕೀಲ್ ಮೇಲಿದ್ದಾಗ ದೋಣಿಗೆ ಎರಡು ಅಡಿ ನೀರು ಸಾಕು. ಪೂರ್ತಿ ಇಳಿಸಿದಾಗ ಐದು ಅಡಿ ಬೇಕು. ಟ್ರೇಲರ್ ಮೇಲೆ ಹೇರಿಕೊಂಡು ಯಾವ ಸರೋವರಕ್ಕಾದರೂ ಒಯ್ಯಬಹುದಾದ ದೋಣಿ ಇದು. ಆ ಅನುಕೂಲಕ್ಕೆ ತೆರಬೇಕಾದ ಬೆಲೆಯೇ ಈ ದುರಸ್ತಿ.

ಮೊದಲು ಬಡಿದು ನೋಡಿ, ಅಲುಗಿಸಿ ನೋಡಿ

ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುವಂತೆ ಕೀಲ್‌ನ ಎರಡೂ ಬದಿಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗೆ ತುಕ್ಕು ತುಂಬಿ ಹೊದಿಕೆ ಎದ್ದಿರುವ ಜಾಗ ಮಂದವಾಗಿ ಸದ್ದು ಮಾಡುತ್ತದೆ. ಅಂಥ ಕಡೆಗಳಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನನ್ನ ಕೀಲ್‌ನಲ್ಲಿ ಹೀಗೆ ತಟ್ಟುವಾಗಲೇ ಅಂಗೈಯಗಲದ ಹಕ್ಕಳೆಯೊಂದು ಕಳಚಿಬಿತ್ತು, ಅದರ ಹಿಂದೆ ಕಂದು ಬಣ್ಣದ ನೀರು ಸುರಿಯಿತು. ಹಿಂದಿನ ಯಾರೋ ಮಾಲೀಕರು ಕಾರಿನ ತಗಡಿಗೆ ಬಳಸುವ ಪಾಲಿಯೆಸ್ಟರ್ ಪುಟ್ಟಿಯನ್ನು ಮೆತ್ತಿದ್ದರು. ಅದು ನೀರು ಹೀರುತ್ತದೆ, ಹೀರಿದ ನೀರನ್ನು ಕಬ್ಬಿಣಕ್ಕೆ ಅಂಟಿಸಿಯೇ ಇಟ್ಟುಕೊಳ್ಳುತ್ತದೆ. ಕಬ್ಬಿಣ ತುಕ್ಕಾದಾಗ ಗಾತ್ರದಲ್ಲಿ ಹಲವು ಪಟ್ಟು ಉಬ್ಬುವುದರಿಂದ ಮೇಲಿನ ಹೊದಿಕೆಯನ್ನು ಎತ್ತಿ ಒಡೆಯುತ್ತದೆ. ಉಬ್ಬು ಹೆಚ್ಚಾದರೆ ಕೀಲ್ ದೋಣಿಯ ತಳದಲ್ಲಿರುವ ತನ್ನ ಗೂಡಿನಲ್ಲೇ ಸಿಕ್ಕಿಕೊಂಡು ಕೆಳಗೆ ಇಳಿಯುವುದೇ ಇಲ್ಲ.

ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಇದ್ದ ಬೀಡು ಕಬ್ಬಿಣಕ್ಕೆ ಇನ್ನೊಂದು ರೋಗವಿದೆ. ಕಬ್ಬಿಣದ ಅಂಶ ಕರಗಿಹೋಗಿ ಗ್ರಾಫೈಟ್ ಮಾತ್ರ ಅದೇ ಆಕಾರದಲ್ಲಿ ಉಳಿದಿರುತ್ತದೆ. ನೋಡಲು ಕಪ್ಪಗೆ, ನುಣ್ಣಗೆ, ಆರೋಗ್ಯವಾಗಿಯೇ ಕಾಣುತ್ತದೆ. ಚಾಕುವಿನ ಮೊನೆಯಿಂದ ಕೆರೆದರೆ ಪೆನ್ಸಿಲ್ ಸೀಸದಂತೆ ಪುಡಿಯಾಗಿ ಉದುರುತ್ತದೆ. ಪಿನ್ ರಂಧ್ರದ ಸುತ್ತಮುತ್ತ ಈ ಪರೀಕ್ಷೆಯನ್ನು ತಪ್ಪದೆ ಮಾಡಿ, ಏಕೆಂದರೆ ಕಂಚು ಅಥವಾ ಸ್ಟೇನ್‌ಲೆಸ್ ಉಕ್ಕು ಕಬ್ಬಿಣವನ್ನು ತಾಗಿಕೊಂಡು ಉಪ್ಪುನೀರಿನಲ್ಲಿ ಮುಳುಗಿದ್ದಾಗ ಸವೆಯುವುದು ಕಬ್ಬಿಣವೇ.

ಆಮೇಲೆ ಅಲುಗಾಟ. ಕೀಲ್ ಅರ್ಧ ಇಳಿದಿರುವಾಗ ಅದರ ತುದಿಯನ್ನು ಹಿಡಿದು ಪಕ್ಕಕ್ಕೆ ತಳ್ಳಿ ಎಳೆಯಿರಿ. ಇದನ್ನು ದೋಣಿಕಟ್ಟೆಯ ಲಿಫ್ಟ್‌ನಲ್ಲಿ ದೋಣಿ ತೂಗುತ್ತಿರುವಾಗ ಪಕ್ಕದಲ್ಲಿ ನಿಂತು ಮಾಡಬಹುದು, ಕೆಳಗೆ ನುಸುಳಿ ಅಲ್ಲ. ಸ್ವಲ್ಪ ಆಟ ಇದ್ದೇ ಇರುತ್ತದೆ. ತುದಿ ಎರಡು ಮೂರು ಇಂಚು ಆಚೀಚೆ ಹೋಗುತ್ತಿದ್ದರೆ, ಅಥವಾ ಲಂಗರು ಹಾಕಿ ಮಲಗಿದಾಗ ಪ್ರತಿ ಅಲೆಗೂ ತಳದಿಂದ ಟಕ್ ಎಂಬ ಪೆಟ್ಟು ಕೇಳಿಸುತ್ತಿದ್ದರೆ, ಪಿನ್ ಸವೆದಿದೆ ಅಥವಾ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆ. ಹೆಚ್ಚಾಗಿ ಎರಡೂ ಆಗಿರುತ್ತವೆ.

ದುರಸ್ತಿಯೋ, ಹೊಸ ಕೀಲ್ ಬೇಕೋ

ಮೈಯೆಲ್ಲ ಕುಳಿಬಿದ್ದ ಕೀಲ್ ನೋಡಿ ಹೆದರಬೇಡಿ. ಕಾಲು ಇಂಚಿನ ಕುಳಿಗಳಿದ್ದರೂ ಮಧ್ಯದಲ್ಲಿ ಕಬ್ಬಿಣ ಬೇಕಾದಷ್ಟಿರುತ್ತದೆ. ಬದಲಿಸಲೇಬೇಕಾದ ಸಂದರ್ಭಗಳು ಕೆಲವೇ. ಪಿನ್ ರಂಧ್ರದಿಂದ ಅಂಚಿಗೆ ಬಿರುಕು ಹೋಗಿದ್ದರೆ, ರಂಧ್ರದ ಸುತ್ತಲಿನ ಲೋಹ ಮೇಲೆ ಹೇಳಿದಂತೆ ಗ್ರಾಫೈಟ್ ಆಗಿದ್ದರೆ, ಅಥವಾ ಬುಷ್ (ಸವೆದ ರಂಧ್ರದೊಳಗೆ ಕೂರಿಸುವ ಲೋಹದ ಕೊಳವೆ) ಕೂರಿಸಲು ಕೊರೆದ ಮೇಲೆ ಉಳಿಯುವ ಗೋಡೆ ತೀರಾ ತೆಳುವಾಗುವಂತಿದ್ದರೆ, ಆ ಕೀಲ್‌ಗೆ ಕೈಮುಗಿದು ಬೇರೆಯದನ್ನು ಹುಡುಕಿ. ಬೀಡು ಕಬ್ಬಿಣದ ಬಿರುಕನ್ನು ಬೆಸುಗೆ ಹಾಕಿಸುತ್ತೇನೆ ಎನ್ನುವವರಿರುತ್ತಾರೆ. ಪೂರ್ವತಾಪನ, ನಿಧಾನ ತಣಿಸುವಿಕೆ ಎಲ್ಲವನ್ನೂ ಸರಿಯಾಗಿ ಮಾಡದಿದ್ದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ನಾನಂತೂ 250 ಕಿಲೊ ಭಾರವನ್ನು ಅಂಥ ಬೆಸುಗೆಗೆ ನಂಬಿ ತೂಗುಹಾಕಲಾರೆ.

ಬದಲಿ ಕೀಲ್‌ಗೆ ಮೂರು ದಾರಿಗಳಿವೆ: ಬಿಡಿಭಾಗ ಮಾರುವವರಿಂದ ಹೊಸದು, ಒಡೆದು ಮಾರುತ್ತಿರುವ ದೋಣಿಯಿಂದ ಹಳೆಯದು, ಅಥವಾ ಅಚ್ಚು ಮಾಡಿ ಎರಕ ಹೊಯ್ಯಿಸುವುದು. ಎರಡನೆಯದು ಅಗ್ಗ, ಆದರೆ ಕೊಳ್ಳುವ ಮುನ್ನ ಚಾಕು ಮತ್ತು ಸುತ್ತಿಗೆಯ ಪರೀಕ್ಷೆಗಳನ್ನು ಅದಕ್ಕೂ ಮಾಡಿ. ಯಾವುದೇ ದಾರಿಯಾದರೂ ತೂಕ ಮತ್ತು ಆಕಾರ ಮೂಲದಷ್ಟೇ ಇರಲಿ. ಹೆಚ್ಚು ಭಾರ ಇದ್ದರೆ ದೋಣಿ ಹೆಚ್ಚು ಸ್ಥಿರವಾಗಿರುತ್ತದೆ ಎಂದು ಸೀಸದ ಕೀಲ್ ಎರಕ ಹೊಯ್ಯಿಸಿದರೆ ಅದೇ ಗಾತ್ರಕ್ಕೆ ತೂಕ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಹ್ಯಾಂಗರ್, ಕೇಬಲ್, ವಿಂಚ್ ಯಾವುದನ್ನೂ ಆ ಭಾರಕ್ಕೆ ರೂಪಿಸಿಲ್ಲ. ಸ್ಪರ್ಧೆಗಳಲ್ಲಿ ಭಾಗವಹಿಸುವವರು ಕೀಲ್‌ನ ಆಕಾರ ಮುಟ್ಟುವ ಮೊದಲು ತಮ್ಮ ದೋಣಿವರ್ಗದ ನಿಯಮಗಳನ್ನು ಓದಿಕೊಳ್ಳಬೇಕು.

ಇಳಿಸುವುದು

ಇಡೀ ಕೆಲಸದಲ್ಲಿ ಪ್ರಾಣಾಪಾಯ ಇರುವುದು ಇಲ್ಲಿ, ಮತ್ತೆ ಏರಿಸುವಾಗ. ಜಾಕ್ ಮೇಲಷ್ಟೇ ನಿಂತಿರುವ ದೋಣಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಕೇಬಲ್‌ನಲ್ಲಷ್ಟೇ ತೂಗುತ್ತಿರುವ ಕೀಲ್‌ನ ಕೆಳಗೆ ಕೈ ಹಾಕಬೇಡಿ. ಒಬ್ಬರೇ ಇರುವ ದಿನ ಈ ಭಾಗವನ್ನು ಮಾಡಬೇಡಿ.

ನನ್ನ ಸಲಹೆ: ಇದೊಂದು ಹಂತಕ್ಕೆ ದುಡ್ಡು ಕೊಡಿ. ದೋಣಿಕಟ್ಟೆಯವರು ಲಿಫ್ಟ್‌ನಿಂದ ದೋಣಿಯನ್ನು ಎತ್ತಿ ಎತ್ತರದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿಕೊಡುತ್ತಾರೆ. ಮನೆಯಂಗಳದಲ್ಲೇ ಮಾಡುವುದಾದರೆ, ಕೀಲ್‌ಗಿಂತ ಮುಂದೆ ಒಂದು ಮತ್ತು ಹಿಂದೆ ಒಂದು, ಹೀಗೆ ಎರಡು ಕಡೆ ನಾಲ್ಕಿಂಚಿನ ಚೌಕ ಮರದ ತುಂಡುಗಳನ್ನು ಅಡ್ಡಡ್ಡ ಜೋಡಿಸಿ ಅಟ್ಟಣೆ ಕಟ್ಟಬೇಕು. ಅವು ದೋಣಿಯ ಒಳಗಿನ ಅಡ್ಡಗೋಡೆಗಳ ನೇರಕ್ಕೇ ಬರಲಿ. ನಡುವಿನ ತೆಳು ಒಡಲಿಗೆ ಭಾರ ಬಿದ್ದರೆ ಅದು ಒಳಕ್ಕೆ ಬಾಗುತ್ತದೆ. ಪಕ್ಕಕ್ಕೆ ವಾಲದಂತೆ ನಾಲ್ಕು ಸ್ಟ್ಯಾಂಡ್ ಕೊಟ್ಟು, ಎದುರುಬದುರು ಇರುವ ಜೋಡಿಗಳನ್ನು ಸರಪಳಿಯಿಂದ ಬಿಗಿಯಿರಿ. ನೆಲ ಗಟ್ಟಿಯಾಗಿರಬೇಕು. ಮಣ್ಣಿನ ನೆಲವಾದರೆ ಪ್ರತಿ ಅಟ್ಟಣೆಯ ಅಡಿಗೂ ದಪ್ಪ ಹಲಗೆ ಹಾಸಿ. ಒಂದೊಂದು ಬದಿಯನ್ನು ಒಂದೆರಡು ಇಂಚು ಎತ್ತಿ, ಮರ ಸೇರಿಸಿ, ಮತ್ತೊಂದು ಬದಿಗೆ ಹೋಗಬೇಕು. ಅವಸರ ಮಾಡುವವರಿಗೆ ಇದು ಹೇಳಿದ ಕೆಲಸವಲ್ಲ. ಟ್ರೇಲರ್ ಅನ್ನು ಕೆಳಗಿನಿಂದ ಎಳೆದು ತೆಗೆದ ಮೇಲೆ, ಕೀಲ್ ಪೂರ್ತಿ ಗೂಡಿನಿಂದ ಹೊರಬಂದು ಜಾರಿ ಹೋಗುವಷ್ಟು ಎತ್ತರ ಇದೆಯೇ ಎಂದು ಅಳತೆಪಟ್ಟಿ ಹಿಡಿದು ನೋಡಿ.

ಬೋಲ್ಟ್‌ಗಳಿಗೆ ಮೂರು ದಿನ ಮೊದಲಿಂದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ದಿನಕ್ಕೆರಡು ಬಾರಿ ಬಿಡುತ್ತಿರಿ. ಕೀಲ್ ಕೂರಿಸಲು ಮರದ ತೊಟ್ಟಿಲೊಂದನ್ನು ಮಾಡಿಕೊಳ್ಳಿ: ಎರಡು ಉದ್ದದ ಹಲಗೆ, ನಡುವೆ ಕೀಲ್‌ನ ದಪ್ಪಕ್ಕೆ ಸರಿಯಾದ ಸಂದು, ಅಡಿಯಲ್ಲಿ ಗಟ್ಟಿ ಗಾಲಿಗಳು. ಅಲಗು ತೆಳುವಾದ್ದರಿಂದ ನೆಟ್ಟಗೆ ನಿಲ್ಲುವುದಿಲ್ಲ, ಮಗುಚಿಕೊಳ್ಳುತ್ತದೆ. ತೊಟ್ಟಿಲಿಗೆ ಬೆಲ್ಟಿನಿಂದ ಬಿಗಿಯಲೇಬೇಕು.

ಕೆಲಸದ ದಿನ ಕೀಲ್ ಅನ್ನು ಪೂರ್ತಿ ಮೇಲೆತ್ತಿ ಇಡಿ. ಮುಂದೊಂದು, ಹಿಂದೊಂದು ಹೈಡ್ರಾಲಿಕ್ ಜಾಕ್ ಕೊಟ್ಟು ತೊಟ್ಟಿಲ ಸಮೇತ ಕೀಲ್‌ನ ಭಾರವನ್ನು ಹೊತ್ತುಕೊಳ್ಳಿ. ಕೇಬಲ್ ಸಡಿಲವಾಗಿದೆ ಎಂದು ನೋಡಿಕೊಂಡ ಮೇಲೆ ಅದರ ಕೊಂಡಿಯ ಪಿನ್ ತೆಗೆಯಿರಿ. ಆಮೇಲೆ ಹ್ಯಾಂಗರ್‌ಗಳ ಬೋಲ್ಟ್‌ಗಳು, ಎಡಕ್ಕೆರಡು, ಬಲಕ್ಕೆರಡು. ಒಂದನ್ನೇ ಪೂರ್ತಿ ಬಿಚ್ಚದೆ ನಾಲ್ಕನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಒಂದು ಬೋಲ್ಟ್ ಬಿಗಿಯಾಗಿ ಕೂತಿದ್ದರೆ ಉದ್ದದ ಪೈಪು ಸಿಕ್ಕಿಸಿ ತಿರುಗಿಸಲು ಹೋಗಬೇಡಿ. ಅದು ತುಂಡಾದರೆ, ಅಥವಾ ಒಡಲಿನೊಳಗಿರುವ ನಟ್ಟೇ ಸುತ್ತತೊಡಗಿದರೆ, ಒಡಲಿನ ಫೈಬರ್‌ಗ್ಲಾಸ್ ಅನ್ನು ಕತ್ತರಿಸಿ ತೆಗೆಯಬೇಕಾದ ದೊಡ್ಡ ಕೆಲಸ ಮೈಮೇಲೆ ಬರುತ್ತದೆ. ಬಿಗಿಸುವ ದಿಕ್ಕಿಗೆ ಒಂದಿಷ್ಟು, ಬಿಚ್ಚುವ ದಿಕ್ಕಿಗೆ ಒಂದಿಷ್ಟು, ನಡುನಡುವೆ ಎಣ್ಣೆ, ಹೀಗೆ ಒಲಿಸಿಕೊಳ್ಳಬೇಕು. ನನ್ನ ನಾಲ್ಕನೆಯ ಬೋಲ್ಟ್ ಒಂದೂವರೆ ಗಂಟೆ ತೆಗೆದುಕೊಂಡಿತು.

ಬೋಲ್ಟ್‌ಗಳು ಬಂದ ಮೇಲೆ ಹ್ಯಾಂಗರ್, ಪಿನ್, ಕೀಲ್ ಮೂರೂ ಒಟ್ಟಿಗೆ ಇಳಿಯುತ್ತವೆ. ಇಬ್ಬರು ಜಾಕ್‌ಗಳ ಬಳಿ, ಒಬ್ಬರು ದೂರದಿಂದ ಸಮತೋಲ ನೋಡುತ್ತಾ ಮಾತಿನಲ್ಲಿ ನಿರ್ದೇಶಿಸಬೇಕು. ಅರ್ಧ ಇಂಚು ಮುಂದೆ, ಅರ್ಧ ಇಂಚು ಹಿಂದೆ.

ಪಿನ್ ಮತ್ತು ರಂಧ್ರ

ಪಿನ್ ತೆಗೆದು ಉಗುರಿನಿಂದ ಸವರಿ. ಕೀಲ್ ಕೂರುತ್ತಿದ್ದ ಜಾಗದಲ್ಲಿ ಪಟ್ಟೆಯಾಗಿ ಸವೆದಿರುವುದು ಬೆರಳಿಗೇ ತಿಳಿಯುತ್ತದೆ. ಕ್ಯಾಲಿಪರ್‌ನಿಂದ ಎರಡು ತುದಿ ಮತ್ತು ನಡುವಿನ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಅಳತೆ ಏನೇ ಬಂದರೂ ಹಳೆಯ ಪಿನ್ ಮತ್ತೆ ಹಾಕಬೇಡಿ. ಇಡೀ ಕೆಲಸದಲ್ಲಿ ಇದರಷ್ಟು ಅಗ್ಗದ ಭಾಗ ಮತ್ತೊಂದಿಲ್ಲ, ಇದನ್ನು ತಲುಪಲು ಪಟ್ಟಷ್ಟು ಪಾಡೂ ಮತ್ತೊಂದಕ್ಕಿಲ್ಲ.

ಹೊಸ ಪಿನ್ ಸಿಲಿಕಾನ್ ಕಂಚಿನದ್ದಾಗಿರಲಿ. ಹಿತ್ತಾಳೆ ಬೇಡ. ಹಿತ್ತಾಳೆಯಲ್ಲಿರುವ ಸತುವನ್ನು ಸಮುದ್ರದ ನೀರು ಸೆಳೆದುಕೊಂಡುಬಿಡುತ್ತದೆ. ಉಳಿಯುವುದು ನಸುಗೆಂಪು ಬಣ್ಣದ, ರಂಧ್ರಮಯವಾದ ತಾಮ್ರ. ಸುತ್ತಿಗೆಯಿಂದ ಹೊಡೆದರೆ ಮುರಿಯುವಂಥದ್ದು. ನಿಮ್ಮ ಹಳೆಯ ಪಿನ್ ಎಲ್ಲಿಯಾದರೂ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದು ಹಿತ್ತಾಳೆಯೇ, ಮತ್ತು ನೀವು ಸಕಾಲಕ್ಕೆ ಇಳಿಸಿದ್ದೀರಿ.

ರಂಧ್ರದ ವಿಷಯದಲ್ಲಿ ಎರಡು ಮಾರ್ಗಗಳಿವೆ. ಒಳ್ಳೆಯದು, ಕೀಲ್ ಅನ್ನು ಲೇತ್ ವರ್ಕ್‌ಶಾಪ್‌ಗೆ ಒಯ್ದು ರಂಧ್ರವನ್ನು ಒಂದೂಕಾಲು ಇಂಚಿನ ಆಸುಪಾಸಿಗೆ ದೊಡ್ಡದು ಮಾಡಿಸಿ, ಒಳಗೆ ಕಂಚಿನ ಬುಷ್ ಒತ್ತಿಸುವುದು. ಕೊರೆಯುವಾಗ ರಂಧ್ರ ಕೀಲ್‌ನ ಬದಿಗೆ ನಿಖರವಾಗಿ ಲಂಬವಾಗಿರಬೇಕು. ಕೈಯಲ್ಲಿ ಹಿಡಿಯುವ ಡ್ರಿಲ್‌ನಿಂದ ಇದು ಆಗದು. ರಂಧ್ರ ಒಂದು ಡಿಗ್ರಿ ಓರೆಯಾದರೆ ಐದು ಅಡಿ ಕೆಳಗಿನ ತುದಿ ಒಂದು ಇಂಚು ಪಕ್ಕಕ್ಕೆ ಹೋಗುತ್ತದೆ. ಬುಷ್ ಒತ್ತುವ ಮೊದಲು ಅದರ ಹೊರಮೈಗೆ ಎಪಾಕ್ಸಿ (ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ಸವರಿದರೆ ಕಂಚು ಮತ್ತು ಕಬ್ಬಿಣದ ನಡುವೆ ನೀರು ನುಗ್ಗುವುದಿಲ್ಲ.

ಎರಡನೆಯ ಮಾರ್ಗ, ಸವೆತ ಕಡಿಮೆ ಇದ್ದಾಗ. ರಂಧ್ರವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹೊಸ ಪಿನ್‌ಗೆ ಮೂರು ಬಾರಿ ಮೇಣ ಬಳಿದು, ಸರಿಯಾದ ಜಾಗದಲ್ಲಿ ನಿಲ್ಲಿಸಿ, ಸುತ್ತಲಿನ ಸಂದಿಗೆ ಗ್ರಾಫೈಟ್ ಪುಡಿ ಮತ್ತು ಸಿಲಿಕಾ ಬೆರೆಸಿದ ಗಟ್ಟಿ ಎಪಾಕ್ಸಿಯನ್ನು ತುಂಬುವುದು. ಗಟ್ಟಿಯಾದ ಮೇಲೆ ಪಿನ್ ತಟ್ಟಿ ತೆಗೆದರೆ ಎಪಾಕ್ಸಿಯ ಬುಷ್ ಉಳಿಯುತ್ತದೆ. ಸಿಹಿನೀರಿನ ಸರೋವರದಲ್ಲಿ ಬಳಸುವ ದೋಣಿಗೆ ಇದು ಹಲವು ವರ್ಷ ಬರುತ್ತದೆ. ಕೊಲ್ಲಿಯ ಅಲೆಗಳಲ್ಲಿ ಓಡುವ ದೋಣಿಗೆ ನಾನು ಕಂಚಿನ ಬುಷ್ಷನ್ನೇ ಹೇಳುತ್ತೇನೆ.

ಹ್ಯಾಂಗರ್‌ಗಳ ರಂಧ್ರಗಳನ್ನೂ ಅಳೆಯಿರಿ, ಅವೂ ಸವೆಯುತ್ತವೆ. ಕೀಲ್ ಮತ್ತು ಹ್ಯಾಂಗರ್‌ಗಳ ನಡುವಿನ ಪಕ್ಕದ ಸಂದನ್ನು ತುಂಬಲು ಕಂಚಿನ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ವಾಷರ್‌ಗಳನ್ನು ಎರಡೂ ಕಡೆ ಸಮನಾಗಿ ಹಾಕಬೇಕು. ಟಕ್ ಟಕ್ ಸದ್ದಿನ ಬಹುಪಾಲು ನಿಲ್ಲುವುದು ಈ ಅಗ್ಗದ ವಾಷರ್‌ಗಳಿಂದಲೇ.

ತುಕ್ಕು ಮತ್ತು ಅದರೊಳಗಿನ ಉಪ್ಪು

ಹಳೆಯ ಬಣ್ಣ ಕೆರೆಯುವ ಮುನ್ನ ಒಂದು ಎಚ್ಚರಿಕೆ. ಪಾಚಿ, ಚಿಪ್ಪು ಅಂಟದಂತೆ ದೋಣಿಯ ತಳಕ್ಕೆ ಬಳಿಯುತ್ತಿದ್ದ ಹಳೆಯ ಬಣ್ಣಗಳಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ವಿಷವಿತ್ತು. ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಅದರ ಮೇಲಿನ ನಿಷೇಧ 2008ರಲ್ಲಿ ಜಾರಿಗೆ ಬಂದಿತು. 1970ರ ದಶಕದ ಕೀಲ್‌ನ ಅಡಿಪದರಗಳಲ್ಲಿ ಏನಿದೆ ಎಂದು ಹೇಳಲಾಗದು. ಆದ್ದರಿಂದ ಒಣಗಿದ ಬಣ್ಣವನ್ನು ಗ್ರೈಂಡರ್‌ನಿಂದ ಹಾರಿಸಬೇಡಿ. ನೀರು ಹಾಕಿ ಕೆರೆಯಿರಿ, ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸರಿಯಾದ ಫಿಲ್ಟರ್ ಇರುವ ಮುಖವಾಡ ಹಾಕಿಕೊಳ್ಳಿ, ಕೆರೆದದ್ದನ್ನೆಲ್ಲ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಪ್ಪಿಸಿ.

ತುಕ್ಕು ತೆಗೆಯಲು ವೈರ್ ಬ್ರಷ್ ಸಾಕಾಗುವುದಿಲ್ಲ. ಅದು ತುಕ್ಕಿನ ಮೇಲ್ಮೈಯನ್ನು ಉಜ್ಜಿ ಹೊಳಪು ಕೊಡುತ್ತದೆ, ಕುಳಿಯ ತಳ ಮುಟ್ಟುವುದಿಲ್ಲ. ಮರಳಿನಂಥ ಕಣಗಳನ್ನು ಗಾಳಿಯ ಒತ್ತಡದಿಂದ ಸಿಡಿಸುವ ಬ್ಲಾಸ್ಟಿಂಗ್ ಮಾತ್ರ ಇದಕ್ಕೆ ಮದ್ದು. ಈ ಕೆಲಸ ಮಾಡುವ ವರ್ಕ್‌ಶಾಪ್‌ಗೆ ಕೀಲ್ ಒಯ್ದು, ಲೋಹ ಬೂದು ಬಿಳುಪಿಗೆ ಬರುವವರೆಗೆ, ಅಂದರೆ ಅವರ ಭಾಷೆಯಲ್ಲಿ ಎಸ್‌ಎ ಎರಡೂವರೆ ಮಟ್ಟಕ್ಕೆ, ಬೇಕೆಂದು ಹೇಳಿ. ಬಾಡಿಗೆ ಯಂತ್ರದಿಂದ ನೀವೇ ಮಾಡುವುದಾದರೆ ಸಾಮಾನ್ಯ ಮರಳನ್ನು ಬಳಸಲೇಬೇಡಿ. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಚಿಕಿತ್ಸೆಯಿಲ್ಲ. ಗಾರ್ನೆಟ್ ಕಣಗಳನ್ನು ಕೊಳ್ಳಿ.

ಇನ್ನು ನಾನು ಮಾಡಿದ ತಪ್ಪು, ನೀವು ಮಾಡಬಾರದ್ದು. ಮೊದಲ ಸಲ ಬ್ಲಾಸ್ಟ್ ಆದ ಕೀಲ್ ಬೆಳ್ಳಿಯಂತೆ ಕಂಡಿತು. ಅಂದೇ ಬಣ್ಣ ಬಳಿದೆ. ಎಂಟು ತಿಂಗಳಿಗೆ ಬೊಬ್ಬೆಗಳೆದ್ದವು, ಹಿಂದೆ ಕುಳಿಗಳಿದ್ದ ಜಾಗಗಳಲ್ಲೇ. ಕಾರಣ ಉಪ್ಪು. ದಶಕಗಟ್ಟಲೆ ಸಮುದ್ರದಲ್ಲಿದ್ದ ಕಬ್ಬಿಣದ ಕುಳಿಗಳ ತಳದಲ್ಲಿ ಕ್ಲೋರೈಡ್ ಕೂತಿರುತ್ತದೆ. ಬ್ಲಾಸ್ಟಿಂಗ್ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬಣ್ಣದ ಅಡಿಯಲ್ಲಿ ಉಳಿದ ಆ ಉಪ್ಪು ಪದರದ ಮೂಲಕವೇ ತೇವವನ್ನು ಸೆಳೆದುಕೊಂಡು ಮತ್ತೆ ತುಕ್ಕು ಶುರುಮಾಡುತ್ತದೆ.

ಎರಡನೆಯ ಸಲ ಹೀಗೆ ಮಾಡಿದೆ. ಬ್ಲಾಸ್ಟ್ ಆದ ಕೂಡಲೇ ಸಿಹಿನೀರನ್ನು ಒತ್ತಡದಿಂದ ಹಾಯಿಸಿ ಚೆನ್ನಾಗಿ ತೊಳೆದು, ಒಂದು ರಾತ್ರಿ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಕೀಲ್ ಮೇಲೆಲ್ಲ ತೆಳು ಕಿತ್ತಳೆ ಬಣ್ಣ ಹರಡಿತ್ತು, ಅದರ ನಡುವೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಒದ್ದೆಯಾಗಿಯೇ ಉಳಿದಿದ್ದವು. ಉಪ್ಪು ಉಳಿದಿರುವ ಜಾಗಗಳೆಂದರೆ ಆ ಚುಕ್ಕೆಗಳೇ. ಮತ್ತೆ ತೊಳೆದು, ಮತ್ತೆ ಬ್ಲಾಸ್ಟ್ ಮಾಡಿಸಿ, ಮತ್ತೆ ರಾತ್ರಿ ಬಿಟ್ಟು ನೋಡಿದೆ. ಮೂರನೆಯ ಸುತ್ತಿಗೆ ಚುಕ್ಕೆಗಳು ಕಾಣಲಿಲ್ಲ. ಬಿಗಿ ಬಜೆಟ್ ಇರುವವರು ಬೇರೆಲ್ಲಿ ಉಳಿಸಿದರೂ ಇಲ್ಲಿ ಉಳಿಸಬಾರದು. ಸಿಹಿನೀರಿನಲ್ಲಷ್ಟೇ ಇದ್ದ ಕೀಲ್‌ಗೆ ಒಂದು ಸುತ್ತು ಸಾಕು.

ಎಪಾಕ್ಸಿ

ಕೊನೆಯ ಬ್ಲಾಸ್ಟ್ ಮುಗಿದ ಮೇಲೆ ಗಡಿಯಾರ ಓಡುತ್ತಿರುತ್ತದೆ. ಬರಿಯ ಕಬ್ಬಿಣ ತೇವದ ಗಾಳಿಯಲ್ಲಿ ಗಂಟೆಯೊಳಗೇ ಬಣ್ಣ ತಿರುಗಬಹುದು, ಒಣ ಹವೆಯಲ್ಲಿ ಇನ್ನಷ್ಟು ಸಮಯ ಸಿಗುತ್ತದೆ. ಎಪಾಕ್ಸಿ, ರೋಲರ್, ಬ್ರಷ್ ಎಲ್ಲವನ್ನೂ ಬ್ಲಾಸ್ಟಿಂಗ್ ಜಾಗಕ್ಕೇ ಒಯ್ಯಿರಿ. ಮೊದಲ ಪದರವನ್ನು ತೆಳುವಾಗಿ ಬಳಿದು, ಅದು ಹಸಿಯಾಗಿರುವಾಗಲೇ ವೈರ್ ಬ್ರಷ್‌ನಿಂದ ಎಲ್ಲ ಕಡೆ ಉಜ್ಜಿ. ಗಾಳಿಗೆ ಸಿಗದೆ ಎಪಾಕ್ಸಿಯ ಅಡಿಯಲ್ಲೇ ಹೊಸ ಲೋಹ ತೆರೆದುಕೊಳ್ಳುತ್ತದೆ, ಎಪಾಕ್ಸಿ ನೇರವಾಗಿ ಅದನ್ನೇ ಹಿಡಿಯುತ್ತದೆ. ಹವೆ ಮುಖ್ಯ. ಮಲ್ಪೆಯ ಮೀನುಗಾರರು ಮೀನುಗಾರಿಕೆ ನಿಷೇಧವಿರುವ ಮಳೆಗಾಲದ ಎರಡು ತಿಂಗಳಲ್ಲಿ ದೋಣಿ ದುರಸ್ತಿಗೆ ಕೂರುತ್ತಾರೆ, ಅವರಿಗೆ ಬೇರೆ ಬಿಡುವಿಲ್ಲ. ನನಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಸುಪಾಸಿನಲ್ಲಿ ಮಳೆಗಾಲ ಎಂದರೆ ಚಳಿಗಾಲ, ಎಪಾಕ್ಸಿಗೆ ಅದು ಕೆಟ್ಟ ಕಾಲ. ಸೆಪ್ಟೆಂಬರ್ ಒಣಹವೆಯೇ ಸರಿ. ಕಬ್ಬಿಣದ ಮೈ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ ಮೂರು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರಬೇಕು. ದಪ್ಪ ಕಬ್ಬಿಣ ರಾತ್ರಿಯ ತಂಪನ್ನು ಮಧ್ಯಾಹ್ನದವರೆಗೂ ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮರೆಯಬೇಡಿ.

ಎರಡು ಪದರಗಳ ನಂತರ ಕುಳಿಗಳಿಗೆ ಗಟ್ಟಿ ಎಪಾಕ್ಸಿ ತುಂಬಿ, ಉದ್ದದ ಹಲಗೆಗೆ ಮರಳುಕಾಗದ ಅಂಟಿಸಿ ಉಜ್ಜಿ ನಯಗೊಳಿಸಿ. ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಮೇಣದಂಥ ಜಿಡ್ಡು ಬರುತ್ತದೆ. ನೀರು ಮತ್ತು ಒರಟು ಪ್ಯಾಡ್‌ನಿಂದ ತೊಳೆದ ಮೇಲೆಯೇ ಮುಂದಿನ ಪದರ. ಕೊನೆಗೆ ನೀರು ತಡೆಯುವ ಎಪಾಕ್ಸಿ ಪ್ರೈಮರ್ ನಾಲ್ಕೈದು ಪದರ, ಒಟ್ಟು ದಪ್ಪ ಕಾಲು ಮಿಲಿಮೀಟರ್ ಆಗುವವರೆಗೆ. ಪದರಗಳ ನಡುವಿನ ಅಂತರವನ್ನು ಡಬ್ಬಿಯ ಮೇಲೆ ಬರೆದಂತೆಯೇ ಪಾಲಿಸಿ. ಕೀಲ್‌ನ ಅಂಚುಗಳು ಚೂಪಾಗಿದ್ದರೆ ಬಣ್ಣ ಅಲ್ಲಿ ನಿಲ್ಲುವುದಿಲ್ಲ. ಅವನ್ನು ಉರುಟು ಮಾಡಿ, ಅಂಚಿಗೆ ಒಂದು ಪದರ ಹೆಚ್ಚು ಕೊಡಿ.

ನಯಗೊಳಿಸುವ ಉತ್ಸಾಹದಲ್ಲಿ ಕೀಲ್ ದಪ್ಪವಾಗದಂತೆ ನೋಡಿಕೊಳ್ಳಿ. ಗೂಡಿನ ಒಳ ಅಗಲವನ್ನು ಮೊದಲೇ ಅಳೆದು, ಅದೇ ಅಗಲದ ಸಂದು ಇರುವ ಹಲಗೆಯೊಂದನ್ನು ಕತ್ತರಿಸಿ, ಕೀಲ್ ಉದ್ದಕ್ಕೂ ಜಾರಿಸಿ ಪರೀಕ್ಷಿಸಿ. ಇಡೀ ಕೀಲ್‌ಗೆ ಫೈಬರ್ ಬಟ್ಟೆ ಸುತ್ತುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಳಗೆ ನೀರು ಹೊಕ್ಕಾಗ ಬಣ್ಣವಾದರೆ ಬೊಬ್ಬೆ ತೋರಿಸಿ ಹೇಳುತ್ತದೆ, ಬಟ್ಟೆ ವರ್ಷಗಟ್ಟಲೆ ಬಚ್ಚಿಡುತ್ತದೆ.

ಖಾಲಿ ಗೂಡು

ಕೀಲ್ ಇಲ್ಲದ ಗೂಡನ್ನು ನೋಡುವ ಅವಕಾಶ ಮತ್ತೆ ಹತ್ತು ವರ್ಷ ಸಿಗುವುದಿಲ್ಲ. ದೀಪ ಹಿಡಿದು ಹ್ಯಾಂಗರ್ ಕೂರುವ ಜಾಗದ ಸುತ್ತ ಬಿರುಕುಗಳಿವೆಯೇ ನೋಡಿ, ಸುತ್ತಿಗೆಯಿಂದ ಫೈಬರ್ ಅನ್ನೂ ತಟ್ಟಿ. ಬೋಲ್ಟ್ ರಂಧ್ರಗಳ ಬಳಿ ಮೆತ್ತಗಿದ್ದರೆ ಅದನ್ನು ಸರಿಪಡಿಸದೆ ಕೀಲ್ ಏರಿಸಬೇಡಿ. ಕೇಬಲ್ ಹಾದುಹೋಗುವ ತಳದ ಕೊಳವೆಗೆ ಮೇಲಿನಿಂದ ಒಂದು ರಬ್ಬರ್ ಹೋಸ್ ಕಚ್ಚಿಸಿರುತ್ತಾರೆ. ಅದರ ಒಳಗೆ ನಿಂತಿರುವುದು ಸರೋವರದ ನೀರೇ. ಆ ಹೋಸ್ ಸೀಳಿದರೆ ಅಥವಾ ಕ್ಲ್ಯಾಂಪ್ ಕಳಚಿದರೆ ದೋಣಿ ಸದ್ದಿಲ್ಲದೆ ತುಂಬುತ್ತದೆ. ಹೋಸ್ ಹೊಸದು ಹಾಕಿ, ಪ್ರತಿ ತುದಿಗೂ ಎರಡೆರಡು ಸ್ಟೇನ್‌ಲೆಸ್ ಕ್ಲ್ಯಾಂಪ್ ಬಿಗಿಯಿರಿ. ಕೇಬಲ್ಲೂ ಹೊಸದೇ ಇರಲಿ, ರಾಟೆಯ ಮೇಲೆ ಬಾಗುವ, ಹತ್ತೊಂಬತ್ತು ಎಳೆಗಳ ಏಳು ಹುರಿಗಳನ್ನು ಹೊಸೆದ (7x19) ಸ್ಟೇನ್‌ಲೆಸ್ ಕೇಬಲ್, ಹಳೆಯದರ ದಪ್ಪದ್ದೇ. ಕೀಲ್‌ನ ಹಿಂಭಾಗದಲ್ಲಿ ಕೇಬಲ್ ಹಿಡಿಯುವ ಕೊಂಡಿಯ ಬೋಲ್ಟನ್ನೂ ಈಗಲೇ ಬದಲಿಸಿ.

ಏರಿಸುವುದು

ಇಳಿಸಿದ ಕ್ರಮದ ತಿರುವುಮುರುವು. ಹ್ಯಾಂಗರ್ ಮತ್ತು ವಾಷರ್‌ಗಳನ್ನು ನೆಲದಲ್ಲೇ ಪಿನ್‌ಗೆ ಜೋಡಿಸಿಕೊಂಡು ಒಟ್ಟಿಗೆ ಎತ್ತಿ. ರಂಧ್ರಗಳು ಎದುರುಬದುರು ಬಂದಿವೆಯೇ ಎಂದು ಬೆರಳು ಹಾಕಿ ನೋಡುವ ಆಸೆಯಾಗುತ್ತದೆ. ಬೆರಳು ಬೇಡ, ಸ್ಕ್ರೂಡ್ರೈವರ್ ಹಾಕಿ. ಹೊಸ ಸ್ಟೇನ್‌ಲೆಸ್ ಬೋಲ್ಟ್‌ಗಳ ತಿರುಪಿಗೆ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಸವರಿ, ಮೊದಲ ಹಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಯಂತ್ರ ಹಚ್ಚಿ ವೇಗವಾಗಿ ತಿರುಗಿಸಿದರೆ ಸ್ಟೇನ್‌ಲೆಸ್ ಬಿಸಿಯೇರಿ ಅಲ್ಲೇ ಬೆಸೆದುಕೊಳ್ಳುತ್ತದೆ. ನಾಲ್ಕನ್ನೂ ಸರದಿಯಲ್ಲಿ ಬಿಗಿಸಿದ ಮೇಲೆ, ಜಾಕ್‌ಗಳನ್ನು ತೆಗೆಯುವ ಮೊದಲೇ ಕೇಬಲ್ ಜೋಡಿಸಿ, ಕೊಂಡಿಯ ಪಿನ್‌ಗೆ, ಅದು ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ ಮಡಚಿ.

ಉಪ್ಪುನೀರಿನಲ್ಲಿ ನಿಲ್ಲಿಸುವ ದೋಣಿಯಾದರೆ ಕೀಲ್‌ಗೆ ಸತುವಿನ ಗಟ್ಟಿಯೊಂದನ್ನು ಬರಿಯ ಲೋಹಕ್ಕೆ ತಾಗುವಂತೆ ಬೋಲ್ಟ್ ಹಾಕಿ ಕೂರಿಸಿ. ಕಬ್ಬಿಣದ ಬದಲು ಅದು ಸವೆಯುತ್ತದೆ. ಸಿಹಿನೀರಿಗೆ ಸತುವು ಕೆಲಸ ಮಾಡುವುದಿಲ್ಲ, ಮೆಗ್ನೀಸಿಯಂ ಬೇಕು. ಈ ಗಟ್ಟಿಯ ಮೇಲೆ ಬಣ್ಣ ಬಳಿಯಬೇಡಿ.

ನೀರಿಗಿಳಿಸಿದ ದಿನ ದೋಣಿಯನ್ನು ಲಿಫ್ಟ್‌ನ ಪಟ್ಟಿಗಳಲ್ಲೇ ಹತ್ತು ನಿಮಿಷ ನಿಲ್ಲಿಸಿಕೊಳ್ಳಿ. ಒಳಗೆ ಹೋಗಿ ಹೋಸ್‌ನ ಎರಡು ತುದಿಗಳನ್ನು, ಹ್ಯಾಂಗರ್ ಬೋಲ್ಟ್‌ಗಳ ಮೇಲಿನ ಭಾಗವನ್ನು ಒಣ ಕಾಗದದಿಂದ ಒರೆಸಿ ನೋಡಿ. ಆಳ ನೀರಿನಲ್ಲಿ ವಿಂಚ್‌ನ ಹಿಡಿಯನ್ನು ಒಂದು ಕ್ಷಣವೂ ಬಿಡದೆ, ಸುತ್ತುಗಳನ್ನು ಎಣಿಸುತ್ತಾ ಕೀಲ್ ಇಳಿಸಿ. ಹಿಡಿ ಕೈತಪ್ಪಿದರೆ ಅದು ಮೊಣಕೈ ಮುರಿಯುವ ವೇಗದಲ್ಲಿ ತಿರುಗುತ್ತದೆ, ಕೀಲ್ ಬಿದ್ದು ಗೂಡಿಗೆ ಬಡಿಯುತ್ತದೆ. ಪೂರ್ತಿ ಇಳಿಯಲು ಎಷ್ಟು ಸುತ್ತು ಬೇಕಾಯಿತೆಂದು ವಿಂಚ್‌ನ ಪಕ್ಕದಲ್ಲೇ ಬರೆದು ಅಂಟಿಸಿ. ಮುಂದೆಂದಾದರೂ ಆ ಸಂಖ್ಯೆ ಮುಟ್ಟುವ ಮೊದಲೇ ಕೇಬಲ್ ಸಡಿಲವಾದರೆ ಕೀಲ್ ಗೂಡಿನಲ್ಲಿ ಸಿಕ್ಕಿಕೊಂಡಿದೆ ಎಂದರ್ಥ. ಆಗ ಹಿಡಿಯನ್ನು ಇನ್ನೂ ಬಿಡುತ್ತಾ ಹೋಗಬೇಡಿ; ಸಡಿಲ ಕೇಬಲ್ ಇದ್ದಾಗ ಕೀಲ್ ಒಮ್ಮೆಲೇ ಕಳಚಿ ಬಿದ್ದರೆ ಕೇಬಲ್ ತುಂಡಾಗುತ್ತದೆ. ಸಡಿಲವನ್ನು ಸುತ್ತಿಕೊಂಡು, ಕೀಲ್ ಮೇಲೆತ್ತಿ, ದಡಕ್ಕೆ ಬನ್ನಿ.